ಹೊನ್ನಾವರದ ಸುಲ್ತಾನ, ಹರಿಹರನ ಸಾಮಂತ

ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಶರಾವತಿಯ ಅಳಿವೆಯಲ್ಲಿದ್ದ ಹೊನ್ನಾವರವನ್ನು ಒಬ್ಬ ಸುಲ್ತಾನ ಆಳುತ್ತಿದ್ದ. ಹೆಸರು ಜಮಾಲುದ್ದೀನ್ ಮುಹಮ್ಮದ್, ಹಸನ್ ಎಂಬವನ ಮಗ. ಅವನ ಬಳಿ ಸುಮಾರು 6000 ಕಾಲಾಳು, ಕುದುರೆಯಾಳುಗಳ ದಂಡಿತ್ತು, ಯುದ್ಧನೌಕೆಗಳಿದ್ದವು. ಅವನ ಹಡಗುಗಳಿಗೆ ಹೆದರಿ ಮಲಬಾರಿನ ಬಂದರುಗಳವರು ವರ್ಷಕ್ಕಿಷ್ಟು ಎಂದು ಹಣ ಒಪ್ಪಿಸುತ್ತಿದ್ದರು. ಇಷ್ಟಿದ್ದೂ ಅವನು ಸ್ವತಂತ್ರ ದೊರೆಯಾಗಿರಲಿಲ್ಲ. ಹರ್ಯಬ್ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದ. ಈ ಹರ್ಯಬ್ ಬೇರೆ ಯಾರೂ ಅಲ್ಲ, ವಿಜಯನಗರದ ಒಂದನೇ ಹರಿಹರನೇ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ.

ಇದನ್ನೆಲ್ಲ ನಮಗೆ ತಿಳಿಸಿದವನು ಮೊರಾಕ್ಕೊದ ಟಾಂಜಿಯರ್ ಪಟ್ಟಣದ ಇಬ್ನ್ ಬತೂತಾ. ಅವನು ಹೊನ್ನಾವರವನ್ನು ಒಮ್ಮೆ ಹಾದುಹೋದ ಪ್ರವಾಸಿಯಲ್ಲ. ಸುಲ್ತಾನನ ಪಕ್ಕದಲ್ಲಿ ಕೂತು ಉಂಡವನು, ಅವನ ದಂಡಿನ ಜೊತೆ ಹಡಗು ಹತ್ತಿದವನು, ಮತ್ತೆ ಬಂದು ತಿಂಗಳುಗಟ್ಟಲೆ ಇದ್ದವನು.

ಇಸ್ಲಾಂ ಮತ್ತು ರಾಜ್ಯಭಾರ ಎಂದೊಡನೆ ನಮಗೆ ನೆನಪಾಗುವುದು ದೆಹಲಿ, ಆಗ್ರಾ, ಬಿಜಾಪುರ, ಶ್ರೀರಂಗಪಟ್ಟಣ. ಚರ್ಚೆಯೂ ಅಲ್ಲಿಯೇ ಸುತ್ತುತ್ತದೆ: ಯಾವ ಸುಲ್ತಾನ ಉದಾರಿ, ಯಾವನು ಕ್ರೂರಿ, ಯಾರು ಗುಡಿ ಒಡೆದರು, ಯಾರು ದಾನ ಕೊಟ್ಟರು. ಹೊನ್ನಾವರ ನಮ್ಮ ಮುಂದೆ ಬೇರೊಂದು ಪ್ರಶ್ನೆ ಇಡುತ್ತದೆ. ನೆಲದ ಒಡೆತನ ಅನ್ಯಧರ್ಮದ ಅರಸನ ಕೈಯಲ್ಲಿದ್ದಾಗ ಇಸ್ಲಾಂ ಒಂದು ಊರನ್ನು ಹೇಗೆ ನಡೆಸಿತು? ಸಿಂಹಾಸನ ಹೋದ ಮೇಲೂ ಆ ನಡಾವಳಿ ಉಳಿಯಿತೇ?

ದೆಹಲಿಯ ಖಾಜಿ ಕಂಡ ಕರಾವಳಿ

ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದದ್ದು ದೆಹಲಿಯಿಂದ. ಅಲ್ಲಿ ಮುಹಮ್ಮದ್ ಬಿನ್ ತುಘಲಕ್ ಅವನನ್ನು ವರ್ಷಕ್ಕೆ 12,000 ದೀನಾರ್ ಸಂಬಳದ ಮೇಲೆ ಖಾಜಿಯಾಗಿ ನೇಮಿಸಿದ್ದ. ಅವನು ಇಸ್ಲಾಮಿ ಕಾನೂನಿನ ಮಾಲಿಕಿ ಪಂಥದವನು, ದೆಹಲಿಯಲ್ಲಿ ನಡೆಯುತ್ತಿದ್ದುದು ಹನಫಿ ಪಂಥ. ಊರಿನ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಹುದ್ದೆ ಸಿಕ್ಕಿತು, ಏಕೆಂದರೆ ಅರಬ್ ನಾಡಿನಿಂದ ಬಂದ ವಿದ್ವಾಂಸರು ತನ್ನ ಆಸ್ಥಾನದಲ್ಲಿರುವುದು ತುಘಲಕನಿಗೆ ಗೌರವದ ವಿಷಯವಾಗಿತ್ತು.

ದೆಹಲಿಯಲ್ಲಿ ಧರ್ಮವು ಅರಸೊತ್ತಿಗೆಯ ಆಧಾರವೂ ಆಗಿತ್ತು, ಆಯುಧವೂ ಆಗಿತ್ತು. ತನ್ನ ಆಳ್ವಿಕೆಗೆ ಕೈರೋದ ಅಬ್ಬಾಸಿ ಖಲೀಫನ ಮನ್ನಣೆ ಬೇಕೆಂದು ತುಘಲಕ್ ಹಂಬಲಿಸಿದ, ಖಲೀಫನ ಹೆಸರಿನಲ್ಲಿ ನಾಣ್ಯ ಟಂಕಿಸಿದ. ನಮಾಜಿಗೆ ಬಾರದವರಿಗೆ ಕಠಿಣ ಶಿಕ್ಷೆ ಕೊಡಿಸಿದ. ಅದೇ ಸುಲ್ತಾನ ತನ್ನನ್ನು ಅನ್ಯಾಯಗಾರ ಎಂದ ಶೇಖ್ ಶಿಹಾಬುದ್ದೀನ್ ಎಂಬ ಸಂತನ ತಲೆಯನ್ನೂ ತೆಗೆಸಿದ. ಆ ಶೇಖ್‌ನನ್ನು ನೋಡಲು ಹೋಗಿದ್ದ ತಪ್ಪಿಗೆ ಇಬ್ನ್ ಬತೂತಾನ ಮೇಲೂ ಕಾವಲು ಬಿತ್ತು. ಧರ್ಮಶಾಸ್ತ್ರ ಬಲ್ಲವನಿಗೆ ಸಂಬಳ, ಎದುರು ಮಾತಾಡಿದವನಿಗೆ ಕತ್ತಿ. ಅದೇ ಆಸ್ಥಾನ ಕಂಡಿದ್ದ ಚರಿತ್ರಕಾರ ಜಿಯಾವುದ್ದೀನ್ ಬರನಿ ರಾಜನೀತಿಯ ಕುರಿತು ಬರೆದಾಗ ಷರೀಅತ್ ಒಂದರಿಂದಲೇ ರಾಜ್ಯ ನಡೆಯದು, ಅರಸ ತನ್ನದೇ ಕಟ್ಟಳೆಗಳನ್ನು ಮಾಡಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕಾಯಿತು.

1342ರಲ್ಲಿ ತುಘಲಕ್ ಇಬ್ನ್ ಬತೂತಾನನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದ. ದೌಲತಾಬಾದ್, ಖಂಬಾತ್ ದಾಟಿ ಪಶ್ಚಿಮ ಕರಾವಳಿಗುಂಟ ಇಳಿದ ಹಡಗು ಗೋವೆಯನ್ನು ಹಾದು ಹೊನ್ನಾವರದ ಅಳಿವೆಗೆ ಬಂತು. ದೊಡ್ಡ ಹಡಗುಗಳು ಒಳಗೆ ಬರಬಲ್ಲ ಅಳಿವೆ, ಕಡಲಿನಿಂದ ಅರ್ಧ ಮೈಲಿ ದೂರದಲ್ಲಿ ಊರು ಎಂದು ಅವನು ಹೇಳುತ್ತಾನೆ. ಮಳೆಗಾಲದಲ್ಲಿ ನಾಲ್ಕು ತಿಂಗಳು ಕಡಲು ಎಷ್ಟು ಹುಚ್ಚೇಳುತ್ತದೆಂದರೆ ಮೀನು ಹಿಡಿಯುವವರ ಹೊರತು ಬೇರಾರೂ ನೀರಿಗಿಳಿಯುವುದಿಲ್ಲ ಎಂಬುದೂ ಅವನ ಮಾತೇ. ಹೊನ್ನಾವರದ ಬಳಿಯ ಕಾಸರಕೋಡಿನ ದಡದಲ್ಲಿ ಆಷಾಢದ ಕಡಲನ್ನು ನೋಡಿದ ಯಾರೂ ಇದನ್ನು ಅಲ್ಲಗಳೆಯರು.

ನಮಾಜು, ಶಾಲೆ, ನ್ಯಾಯ

ಹೊನ್ನಾವರದ ಮುಸ್ಲಿಮರು ಶಾಫಿ ಪಂಥದವರು. ಈ ಒಂದು ಮಾತಿನಲ್ಲೇ ಕರಾವಳಿಯ ಚರಿತ್ರೆಯ ದೊಡ್ಡ ಭಾಗ ಅಡಗಿದೆ. ದೆಹಲಿಯ ಇಸ್ಲಾಂ ಮಧ್ಯ ಏಷ್ಯಾದಿಂದ ಕುದುರೆಯ ಮೇಲೆ ಬಂದದ್ದು, ಅದರ ಕಾನೂನು ಹನಫಿ. ನಮ್ಮ ಕರಾವಳಿಯದು ಯೆಮನ್, ಪರ್ಷಿಯಾ ಕೊಲ್ಲಿಯ ಕಡೆಯಿಂದ ಹಡಗಿನಲ್ಲಿ ಬಂದದ್ದು. ಏಡನ್‌ನಿಂದ ಮಲಬಾರ್, ಅಲ್ಲಿಂದ ಸುಮಾತ್ರಾದವರೆಗೆ ಬಂದರಿನಿಂದ ಬಂದರಿಗೆ ಒಂದೇ ಶಾಫಿ ಕಾನೂನು ನಡೆಯುತ್ತಿತ್ತು. ಇಂದಿಗೂ ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರ ಮತ್ತು ಶರಾವತಿಯ ದಂಡೆಯ ಊರುಗಳ ನವಾಯತ ಮುಸ್ಲಿಮರು ಶಾಫಿ ಪಂಥದವರೇ.

ಒಂದೇ ಕಾನೂನು ಇದ್ದರೆ ವ್ಯಾಪಾರಿಗೆ ಏನು ಲಾಭ? ಏಡನ್‌ನ ವರ್ತಕನೊಬ್ಬ ಹೊನ್ನಾವರದಲ್ಲಿ ತೀರಿಕೊಂಡರೆ ಅವನ ಸರಕು ಯಾರ ಪಾಲಾಗಬೇಕು, ಅರ್ಧ ಬಂಡವಾಳ ಹಾಕಿದ ಪಾಲುದಾರನಿಗೆ ಎಷ್ಟು ಸಲ್ಲಬೇಕು, ಇಲ್ಲಿ ಮದುವೆಯಾದ ಹೆಣ್ಣಿಗೆ ಮಹರ್ ಹೇಗೆ ಸಿಗಬೇಕು, ತಂದೆಯಿಲ್ಲದ ಮಗುವಿನ ಆಸ್ತಿ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆಲ್ಲ ಖಾಜಿಯ ಬಳಿ ಸಿದ್ಧ ಉತ್ತರವಿರುತ್ತಿತ್ತು. ಆ ಉತ್ತರ ಕಲ್ಲಿಕೋಟೆಯಲ್ಲಿ ಹೇಗೋ ಹೊನ್ನಾವರದಲ್ಲೂ ಹಾಗೆಯೇ. ಮಸೀದಿಯ ಖಾಜಿ ಆ ಬಂದರಿನ ನಂಬಿಕೆಯ ಆಧಾರಸ್ತಂಭ. ಇಬ್ನ್ ಬತೂತಾ ಹೊನ್ನಾವರದಲ್ಲಿ ಭೇಟಿಯಾದವರ ಪಟ್ಟಿಯನ್ನು ನೋಡಿ: ಖಾಜಿ ನೂರುದ್ದೀನ್ ಅಲಿ, ಕುರ್‌ಆನ್ ಕಲಿಸುವ ಫಕೀಹ್ (ಧರ್ಮಶಾಸ್ತ್ರಜ್ಞ) ಇಸ್ಮಾಯಿಲ್, ಕೈಯಾರೆ ಅಡುಗೆ ಮಾಡಿ ಬಡಿಸಿದ ಶೇಖ್ ಮುಹಮ್ಮದ್ ನಾಗೋರಿ. ಊರು ನಡೆಸುತ್ತಿದ್ದವರಲ್ಲಿ ಇವರೂ ಇದ್ದರು.

ಅವನಿಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಶಾಲೆಗಳು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎನ್ನುತ್ತಾನೆ. ಇಲ್ಲಿನ ಹೆಂಗಸರು ಕುರ್‌ಆನನ್ನು ಬಾಯಿಪಾಠ ಮಾಡಿದ್ದರು. ಮೆಕ್ಕಾ, ದಮಾಸ್ಕಸ್, ಕೈರೋ ನೋಡಿ ಬಂದವನ ಮಾತಿದು. 1355ರಲ್ಲಿ ಮೊರಾಕ್ಕೊದಲ್ಲಿ ಕೂತು ನೆನಪಿನಿಂದ ಹೇಳಿ ಬರೆಸಿದ ಗ್ರಂಥವಾದ್ದರಿಂದ ಅಂಕಿಗಳನ್ನು ಬಿಗಿಯಾಗಿ ಹಿಡಿಯಬೇಕಿಲ್ಲ. ಆದರೆ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶಾಲೆಗಳಿದ್ದ ಬಂದರು ಅವನ ನೆನಪಿನಲ್ಲಿ ಹನ್ನೆರಡು ವರ್ಷ ಉಳಿದಿತ್ತು ಎಂಬುದೇ ಸಣ್ಣ ಮಾತಲ್ಲ. ಗಂಡಸರು ತಿಂಗಳುಗಟ್ಟಲೆ ಕಡಲ ಮೇಲಿರುವ ಊರಿನಲ್ಲಿ ಧರ್ಮ, ಲೆಕ್ಕ, ಮನೆತನ ಮೂರನ್ನೂ ಹೆಂಗಸರೇ ಕಾಯಬೇಕು. ಆ ಶಾಲೆಗಳಿಗೆ ಇದೂ ಒಂದು ಕಾರಣವಿರಬೇಕು ಎಂದು ನನಗೆ ತೋರುತ್ತದೆ.

ಸುಲ್ತಾನನೂ ಈ ಶಿಸ್ತಿನ ಹೊರಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಮಸೀದಿಗೆ ಬಂದು ಕುರ್‌ಆನ್ ಓದುತ್ತಿದ್ದ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ನಮಾಜು ಮಾಡುತ್ತಿದ್ದ. ಆಮೇಲೆ ಕುದುರೆಯೇರಿ ಊರಾಚೆ ಸುತ್ತಾಡಿ ಬಂದು ಮತ್ತೆ ಮಸೀದಿಗೆ ಹೋಗಿಯೇ ಅರಮನೆ ಸೇರುತ್ತಿದ್ದ. ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಉಪವಾಸ ಹಿಡಿಯುತ್ತಿದ್ದ. ದೆಹಲಿಯಲ್ಲಿ ಅರಸ ಪ್ರಜೆಗಳ ನಮಾಜಿನ ಲೆಕ್ಕ ಇಡುತ್ತಿದ್ದರೆ ಹೊನ್ನಾವರದಲ್ಲಿ ಪ್ರಜೆಗಳು ಅರಸನ ನಮಾಜನ್ನು ದಿನವೂ ಕಣ್ಣಾರೆ ನೋಡುತ್ತಿದ್ದರು. ಅವನ ಅಧಿಕಾರಕ್ಕೆ ದೊರೆತ ಗೌರವದಲ್ಲಿ ಇದರ ಪಾಲು ದೊಡ್ಡದು.

ಹರಿವಾಣದಲ್ಲಿ ಅನ್ನ, ತುಪ್ಪ, ಉಪ್ಪಿನಕಾಯಿ

ಉಪವಾಸ ಮುರಿಯುವ ಹೊತ್ತಿಗೆ ಸುಲ್ತಾನ ಒಮ್ಮೆ ಇಬ್ನ್ ಬತೂತಾನನ್ನು ಊಟಕ್ಕೆ ಕರೆದ. ಜೊತೆಗೆ ಇಬ್ಬರು ಫಕೀಹರು. ನೆಲದ ಮೇಲೆ ನಾಲ್ಕು ಸಣ್ಣ ಮಣೆಗಳು: ಒಂದರಲ್ಲಿ ಸುಲ್ತಾನ, ಉಳಿದ ಮೂರರಲ್ಲಿ ಅತಿಥಿಗಳು. ತಾಮ್ರದ ಹರಿವಾಣ ಬಂತು. ರೇಷ್ಮೆ ಉಟ್ಟ ದಾಸಿಯೊಬ್ಬಳು ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹಾಕಿದಳು. ಬದಿಗೆ ಗೊಂಚಲು ಕಾಳುಮೆಣಸು, ಹಸಿ ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಹಿಂದೆ ಒಂದಿಷ್ಟು ಉಪ್ಪಿನಕಾಯಿ. ಆಮೇಲೆ ಕೋಳಿ, ಮತ್ತೊಂದು ಬಗೆಯ ಕೋಳಿ, ಮೀನು, ತುಪ್ಪದಲ್ಲಿ ಬೆಂದ ತರಕಾರಿ. ಪ್ರತಿ ಪದಾರ್ಥಕ್ಕೂ ಹೊಸದಾಗಿ ಅನ್ನ. ಕೊನೆಗೆ ಮೊಸರು, ಅದು ಬಂದರೆ ಊಟ ಮುಗಿದ ಹಾಗೆ. ಕುಡಿಯಲು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗಿಬರುವುದಿಲ್ಲ. ಮುಂದೆ ಹನ್ನೊಂದು ತಿಂಗಳು ಅವನು ಇಲ್ಲಿಯೇ ಇದ್ದಾಗ ರೊಟ್ಟಿಯ ಮುಖ ಕಾಣದೆ ಬರೀ ಅನ್ನ ಉಂಡೇ ದಿನ ಕಳೆದ.

ಈ ಹರಿವಾಣದಲ್ಲಿ ಅರಬಸ್ತಾನದ್ದು ಎನ್ನುವಂಥದ್ದು ಏನಿದೆ? ಮೊದಲ ತುತ್ತಿನಿಂದ ಮೊಸರನ್ನದವರೆಗೆ ಅದು ನಮ್ಮದೇ ಕರಾವಳಿಯ ಊಟ. ಸುಲ್ತಾನನ ಉಡುಗೆಯೂ ಅಷ್ಟೇ: ಮನೆಯಲ್ಲಿದ್ದಾಗ ಸೊಂಟಕ್ಕೊಂದು ವಸ್ತ್ರ, ಮೈಮೇಲೆ ಹೊದ್ದ ಶಾಲುಗಳು, ಹೆಣೆದ ಕೂದಲು, ಸಣ್ಣ ಮುಂಡಾಸು. ಹೆಂಗಸರು ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ, ಎದೆಯ ಮೇಲೆ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ಮೂಗುತಿ. ಮುಂದೆ ಮಾಲ್ಡೀವ್ಸ್‌ನಲ್ಲಿ ಖಾಜಿಯಾದ ಇದೇ ಇಬ್ನ್ ಬತೂತಾ ಅಲ್ಲಿನ ಹೆಂಗಸರ ಉಡುಗೆ ಬದಲಿಸಲು ಹೋಗಿ ಸೋತ. ಹೊನ್ನಾವರದಲ್ಲಿ ಅವನಿಗೆ ಆಕ್ಷೇಪ ಹುಟ್ಟಲಿಲ್ಲ. ಇಲ್ಲಿ ಧರ್ಮಶಾಸ್ತ್ರ ಮದುವೆ, ಪಾಲು, ನಮಾಜು, ಉಪವಾಸಗಳನ್ನು ಹಿಡಿದಿಟ್ಟಿತ್ತು. ಅಡುಗೆಮನೆ, ಉಡುಪು, ಹವೆಗೆ ತಕ್ಕ ಬದುಕನ್ನು ನಾಡಿಗೆ ಬಿಟ್ಟುಕೊಟ್ಟಿತ್ತು.

ಅಕ್ಕಪಕ್ಕದ ಬಂದರುಗಳಲ್ಲಿ ಇದೇ ಸಹವಾಸದ ಇನ್ನೊಂದು ಮುಖ. ಬಾರ್ಕೂರಿನಲ್ಲಿ ಬಸದೇವ ಎಂಬ ಹಿಂದೂ ಅರಸನ ಮೂವತ್ತು ಯುದ್ಧನೌಕೆಗಳಿಗೆ ಲೂಲಾ ಎಂಬ ಮುಸ್ಲಿಂ ನಾಯಕ. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರು, ಅವರಿಗೊಬ್ಬ ಶಾಫಿ ಖಾಜಿ. ಊರಿನವರಿಗೂ ಅವರಿಗೂ ಆಗಾಗ ಜಗಳ ಹತ್ತುತ್ತಿತ್ತು. ವರ್ತಕರು ಬೇಕೇ ಬೇಕಾದ್ದರಿಂದ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ. ಒಳ್ಳೆಯತನಕ್ಕಿಂತ ಪರಸ್ಪರ ಅಗತ್ಯವೇ ಈ ಕರಾವಳಿಯಲ್ಲಿ ಬಲವಾದ ಕಟ್ಟಳೆಯಾಗಿತ್ತು.

ಗೋವೆಯ ಮೇಲೆ ದಂಡು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಇದೇ ಜಮಾಲುದ್ದೀನ್ 52 ಹಡಗುಗಳನ್ನು ಸಜ್ಜುಗೊಳಿಸಿ ಗೋವೆಯ ಮೇಲೆ ದಂಡೆತ್ತಿ ಹೋದ. ಅಲ್ಲಿನ ಅರಸನ ಮಗ ತಂದೆಯ ಮೇಲೆ ಮುನಿದು, ತಾನು ಇಸ್ಲಾಂಗೆ ಸೇರಿ ಸುಲ್ತಾನನ ತಂಗಿಯನ್ನು ಮದುವೆಯಾಗುವೆನೆಂದು ಬರೆದು ಕರೆಸಿಕೊಂಡಿದ್ದ. ಇಬ್ನ್ ಬತೂತಾ ಕುರ್‌ಆನ್ ತೆರೆದು ಶಕುನ ನೋಡಿದ, ದೇವರ ನೆರವಿನ ಮಾತು ಬಂತು, ಸುಲ್ತಾನನಿಗೆ ಉತ್ಸಾಹ ಏರಿತು. ಹಿಂಭಾಗ ತೆರೆದುಕೊಳ್ಳುವ ಹಡಗುಗಳಲ್ಲಿ ಕುದುರೆಯಾಳುಗಳು ಕೂತಲ್ಲೇ ನೀರಿಗೆ ನುಗ್ಗಿ ದಡ ಹತ್ತಿದರು. ಗೋವೆ ಬಿತ್ತು. ಅರಮನೆಯ ಒಳಜಗಳ, ರಾಜ್ಯದಾಸೆ, ವ್ಯಾಪಾರದ ಪೈಪೋಟಿ ಎಲ್ಲವೂ ಸೇರಿದ್ದ ಆ ಯುದ್ಧಕ್ಕೆ ಇಬ್ನ್ ಬತೂತಾ ಕೊಟ್ಟ ಹೆಸರು ಮಾತ್ರ ಜಿಹಾದ್.

ಗೆದ್ದ ಮೇಲೆ ಸುಲ್ತಾನ ಅವನಿಗೆ ಒಬ್ಬ ಸೆರೆಹೆಣ್ಣನ್ನು ಬಹುಮಾನವಾಗಿ ಕೊಟ್ಟ. ಅವಳ ಹೆಸರು ಲೆಮ್ಕಿ. ಅವನು ಆ ಹೆಸರು ತೆಗೆದು ಮುಬಾರಕಾ ಎಂದು ಕರೆದ. ಅವಳ ಗಂಡ ಹಣ ಕೊಟ್ಟು ಬಿಡಿಸಿಕೊಳ್ಳಲು ಬಂದ. ಇವನು ಬಿಡಲಿಲ್ಲ. ದೆಹಲಿಯಲ್ಲಿ ನ್ಯಾಯಪೀಠದಲ್ಲಿ ಕೂತಿದ್ದವನು ಒಂದೇ ವಾಕ್ಯದಲ್ಲಿ ಇದನ್ನು ಹೇಳಿ ಮುಂದೆ ಹೋಗುತ್ತಾನೆ. ಓದುವ ನಾವು ಹಾಗೆ ಮುಂದೆ ಹೋಗಲಾಗದು. ಹೆಣ್ಣುಮಕ್ಕಳಿಗೆ 13 ಶಾಲೆ ನಡೆಸಿದ ಆಡಳಿತ, ಲೆಮ್ಕಿಯನ್ನು ಗಂಡನಿಂದ ಅಗಲಿಸಿದ ಆಡಳಿತ ಎರಡೂ ಒಂದೇ. ಆ ಕಾಲದ ಎಲ್ಲ ಧರ್ಮದ ಅರಸರೂ ಸೆರೆಯಾಳುಗಳನ್ನು ಹಿಡಿಯುತ್ತಿದ್ದರು ಎಂಬುದು ನಿಜ. ಅದರಿಂದ ಅವಳ ಸಂಕಟ ಕಡಿಮೆಯಾಗುವುದಿಲ್ಲ.

ಗೆಲುವು ಬಾಳಲಿಲ್ಲ. ಇಬ್ನ್ ಬತೂತಾ ಗೋವೆಗೆ ಮರಳಿ ಬಂದ ಮೇಲೆ ಅಲ್ಲಿನ ಹಳೆಯ ಅರಸ ಊರಿಗೆ ಮುತ್ತಿಗೆ ಹಾಕಿದ. ಆ ಯುದ್ಧದ ನಂತರ ಹೊನ್ನಾವರದವರ ಬಲ ಕುಂದಿತೆಂದು ಅವನೇ ಹೇಳುತ್ತಾನೆ. ಕಡಲ ವ್ಯಾಪಾರ ಮತ್ತು ಖಾಜಿಯ ಕಟ್ಟಳೆಯ ಮೇಲೆ ನಿಂತಿದ್ದ ಊರು ಪರರ ನೆಲಕ್ಕೆ ಕೈಚಾಚಿ ಸೋತಿತು.

ಭಟ್ಕಳದ ಕುದುರೆಗಳು

ಹೊನ್ನಾವರದ ಸುಲ್ತಾನಿಕೆ ಬಹಳ ಕಾಲ ಉಳಿಯಲಿಲ್ಲ. ಕರಾವಳಿಯ ಮುಸ್ಲಿಂ ವರ್ತಕರು ಉಳಿದರು. ಕನ್ನಡ ಶಾಸನಗಳಲ್ಲಿ ಅವರ ಸಂಘ ಹಂಜಮಾನ ಎಂಬ ಹೆಸರಿನಲ್ಲಿ ಬರುತ್ತದೆ. ವಿಜಯನಗರಕ್ಕೆ ಅರಬ್ ಕುದುರೆ ಬೇಕಿತ್ತು, ಆ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಇಮ್ಮಡಿ ದೇವರಾಯನ ಸೇನೆಯಲ್ಲಿ ಮುಸ್ಲಿಂ ಸೈನಿಕರಿದ್ದರು. ಅವರು ವಂದಿಸಲೆಂದು ಅರಸ ಸಿಂಹಾಸನದ ಮುಂದೆ ಕುರ್‌ಆನ್ ಇರಿಸುತ್ತಿದ್ದನೆಂದು ಚರಿತ್ರಕಾರ ಫೆರಿಶ್ತಾ ಬರೆಯುತ್ತಾನೆ. 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ದೇವರಾಯನಿಗೆ ಪುಣ್ಯವಾಗಲೆಂದು ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಇದೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರ ನೋಡಿ ಊರಿಗೆ ಮರಳಲು 1444ರಲ್ಲಿ ಹಡಗು ಹತ್ತಿದ್ದು ಹೊನ್ನಾವರದಲ್ಲೇ.

ಈ ಪರಸ್ಪರ ಅಗತ್ಯ ಮುರಿದ ದಿನ ಏನಾಯಿತು ಎಂಬುದೂ ಇದೇ ಕರಾವಳಿಯ ಚರಿತ್ರೆ. ಭಟ್ಕಳದ ಮುಸ್ಲಿಂ ವರ್ತಕರು ವೈರಿಗಳಾದ ಬಹಮನಿಗಳಿಗೆ ಕುದುರೆ ಮಾರಿದರೆಂದು ವಿಜಯನಗರದ ಅರಸ ಸಿಟ್ಟಾಗಿ 1479ರಲ್ಲಿ ಅವರ ಕಗ್ಗೊಲೆ ಮಾಡಿಸಿದ, ಹತ್ತು ಸಾವಿರ ಮಂದಿ ಸತ್ತರು, ಬದುಕಿದವರು ಗೋವೆಗೆ ಓಡಿದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿಟ್ಟಿದ್ದಾನೆ. ಸಂಖ್ಯೆ ಹಿಗ್ಗಿರಬಹುದು, ಆದರೆ ಜನರ ತಲೆಯ ಮೇಲೆ ಯಾವ ಕತ್ತಿ ತೂಗುತ್ತಿತ್ತೆಂಬುದು ಸ್ಪಷ್ಟ. ಮುಂದೆ ಪೋರ್ಚುಗೀಸರು ಬಂದರು. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ, 1542ರಲ್ಲಿ ಮಾರ್ಟಿಮ್ ಅಫೊನ್ಸೊ ಡ ಸೋಜಾ ಊರಿಗೆ ಬೆಂಕಿಯಿಟ್ಟ.

ಬದಲಾದ ಅರಸರು, ಬದಲಾಗದ ಕಡತ

ದೊಡ್ಡ ಸಾಮ್ರಾಜ್ಯಗಳು ಈ ಕರಾವಳಿಗೆ ಕೈಚಾಚಿದಾಗ ಇಸ್ಲಾಮಿನ ಪಾತ್ರ ಮತ್ತೆ ಬೇರೆಯಾಯಿತು. ಬಿಜಾಪುರದ ಆದಿಲ್‌ಶಾಹಿಗಳ ಹಿಡಿತ ಕುಮಟಾ ಬಳಿಯ ಮಿರ್ಜಾನ್‌ವರೆಗೂ ಕೆಲಕಾಲ ಬಂದಿತ್ತು. ಆ ಸಿಂಹಾಸನದ ಪಂಥ ಅರಸನಿಂದ ಅರಸನಿಗೆ ಬದಲಾಗುತ್ತಿತ್ತು: ಯೂಸುಫ್ ಶಿಯಾ ಪಂಥ ಘೋಷಿಸಿದ, ಒಂದನೇ ಇಬ್ರಾಹಿಂ ಸುನ್ನಿ ಪಂಥಕ್ಕೆ ಮರಳಿದ, ಒಂದನೇ ಅಲಿ ಮತ್ತೆ ಶಿಯಾ, ಎರಡನೇ ಇಬ್ರಾಹಿಂ ಮತ್ತೆ ಸುನ್ನಿ. ಹಳ್ಳಿಯ ಲೆಕ್ಕ ಮಾತ್ರ ದೇಶಭಾಷೆಯಲ್ಲಿ, ಕುಲಕರ್ಣಿಗಳ ಕೈಯಲ್ಲಿ ನಡೆಯಿತು. ಕಂದಾಯದ ಕಡತದಲ್ಲಿ ಪರ್ಷಿಯನ್ ಬದಲು ದೇಶಭಾಷೆ ತಂದವನೇ ಒಂದನೇ ಇಬ್ರಾಹಿಂ. ಎರಡನೇ ಇಬ್ರಾಹಿಂ ತನ್ನ ‘ಕಿತಾಬ್-ಎ-ನೌರಸ್’ ಅನ್ನು ಸರಸ್ವತಿಯ ಸ್ತುತಿಯಿಂದ ಆರಂಭಿಸಿದ.

1763ರಲ್ಲಿ ಹೈದರಾಲಿ ಬಿದನೂರು ಗೆದ್ದ ಮೇಲೆ ಕರಾವಳಿ ಮೈಸೂರಿಗೆ ಸೇರಿತು. ಟಿಪ್ಪು ತನ್ನ ಸರ್ಕಾರವನ್ನು ದೇವರು ಕೊಟ್ಟದ್ದೆಂದು ಕರೆದ, ಹೊಸ ಪಂಚಾಂಗ ತಂದ, 1796ರಲ್ಲಿ ಈ ದಡಗಳಲ್ಲಿ ನೌಕಾಪಡೆ ಕಟ್ಟಲು ಅಪ್ಪಣೆ ಹೊರಡಿಸಿದ. 1791ರಲ್ಲಿ ಮರಾಠಾ ದಂಡಿನ ಕೊಳ್ಳೆಗೆ ಸಿಕ್ಕ ಶೃಂಗೇರಿ ಮಠಕ್ಕೆ ನೆರವು ಕಳಿಸಿದವನೂ ಅವನೇ, 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದವನೂ ಅವನೇ. ಅವನ ಆಡಳಿತದಲ್ಲಿ ಧರ್ಮ ರಾಜನಿಷ್ಠೆಯ ಗುರುತಾಯಿತು. ನಿಷ್ಠೆ ಅನುಮಾನಕ್ಕೊಳಗಾದವರು ತೆತ್ತ ಬೆಲೆ ಭಾರಿ. 1799ರಲ್ಲಿ ಆ ಸಿಂಹಾಸನವೂ ಬಿತ್ತು.

ಉಳಿದದ್ದು ಜಮಾಅತ್

ಈಗ ಲೆಕ್ಕ ಹಾಕಿ ನೋಡಿ. ತುಘಲಕನಿಲ್ಲ, ಜಮಾಲುದ್ದೀನನಿಲ್ಲ, ಆದಿಲ್‌ಶಾಹಿಯಿಲ್ಲ, ಟಿಪ್ಪುವಿಲ್ಲ. ಹೊನ್ನಾವರದಲ್ಲಿ ಇಬ್ನ್ ಬತೂತಾ ಕಂಡ ಮೂರು ಸಂಗತಿಗಳು ಮಾತ್ರ ಈ ಕರಾವಳಿಯಲ್ಲಿ ಇನ್ನೂ ಇವೆ: ಶಾಫಿ ಕಟ್ಟಳೆ, ಖಾಜಿ, ಶಾಲೆ. ಭಟ್ಕಳದಲ್ಲಿ ಎರಡು ಹಳೆಯ ಜಮಾಅತ್‌ಗಳಿಗೆ, ಅಂದರೆ ಊರಿನ ಮುಸ್ಲಿಮರ ಸಂಘಗಳಿಗೆ, ಇಬ್ಬರು ಖಾಜಿಗಳಿದ್ದಾರೆ. ಮದುವೆ ದಾಖಲಾಗುವುದು, ಗಂಡಹೆಂಡಿರ ಜಗಳಕ್ಕೆ ಮೊದಲ ಮಾತುಕತೆ ನಡೆಯುವುದು, ಆಸ್ತಿಯ ಪಾಲು ಕೇಳುವುದು ಅವರ ಬಳಿ. ಇದೇ ಊರಿನ ಸಂಸ್ಥೆಗಳಾದ ಮಜ್ಲಿಸೆ ಇಸ್ಲಾಹ್ ವ ತಂಜೀಮ್ 1912ರಲ್ಲಿ, ಅಂಜುಮನ್ ಹಾಮಿಯೆ ಮುಸ್ಲಿಮೀನ್ 1919ರಲ್ಲಿ, ಜಾಮಿಯಾ ಇಸ್ಲಾಮಿಯಾ 1962ರಲ್ಲಿ ಹುಟ್ಟಿದವು. ಇವುಗಳಲ್ಲಿ ಅಂಜುಮನ್ ಶಾಲಾ ಕಾಲೇಜುಗಳ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಗಲ್ಫ್‌ನಲ್ಲಿ ದುಡಿಯುವ ಮಗ ಕಳಿಸುವ ಹಣದಲ್ಲಿ ಊರಿನ ಶಾಲೆ ನಡೆಯುವುದು ಹೊಸ ಸಂಗತಿಯೇನಲ್ಲ. ಕಡಲಾಚೆಯ ಸಂಪಾದನೆಯಿಂದ ಊರಿನ ಓದು ನಡೆಸುವ ಪದ್ಧತಿಗೆ ಇಲ್ಲಿ ಏಳು ಶತಮಾನಗಳ ವಯಸ್ಸು.

ಒಂದು ವ್ಯತ್ಯಾಸ ಮುಖ್ಯ. ಇಂದಿನ ಖಾಜಿಯ ಹಿಂದೆ ಹಡಗೂ ಇಲ್ಲ, ಸೈನಿಕರೂ ಇಲ್ಲ. ಫತ್ವಾಗಳಿಗೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಅದನ್ನು ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಒಪ್ಪದವರಿಗೆ ಕೋರ್ಟಿನ ಬಾಗಿಲು ತೆರೆದಿದೆ. ಖಾಜಿಯ ಮಾತು ನಡೆಯುವುದು ಜನ ನಂಬಿದಷ್ಟು ಮಾತ್ರ. ಆ ನಂಬಿಕೆಯನ್ನು ದಿನವೂ ಸಂಪಾದಿಸಬೇಕು, ವಿಶೇಷವಾಗಿ ನ್ಯಾಯ ಕೇಳಿ ಬರುವ ಹೆಣ್ಣುಮಕ್ಕಳಿಂದ. ಲೆಮ್ಕಿಗೆ ಸಿಗದ ನ್ಯಾಯ ಇಂದಿನ ಹೆಣ್ಣುಮಕ್ಕಳಿಗೆ ಸಿಗುತ್ತದೆಯೇ ಎಂಬುದೇ ಜಮಾಅತ್‌ಗೂ ಕೋರ್ಟಿಗೂ ನಿಜವಾದ ಪರೀಕ್ಷೆ.

ಭಟ್ಕಳದ ಹೆಸರು ಸುದ್ದಿಯಲ್ಲಿ ಬಂದಾಗಲೆಲ್ಲ ಈ ಜನ ನಿನ್ನೆ ಮೊನ್ನೆ ಎಲ್ಲಿಂದಲೋ ಬಂದವರೆಂಬಂತೆ ಮಾತಾಡುವವರಿದ್ದಾರೆ. ವಿಜಯನಗರ ಹುಟ್ಟುವ ಹೊತ್ತಿಗೇ ಇಲ್ಲಿ ಶಾಲೆ ನಡೆಸಿ, ಅನ್ನ ತುಪ್ಪ ಉಂಡು, ಹರಿಹರನಿಗೆ ಅಧೀನರಾಗಿ ಬಾಳಿದವರ ಪರಂಪರೆ ಇದು. ಅದೇ ರೀತಿ, ಸುಲ್ತಾನರ ಕಾಲವೆಂದರೆ ಚಿನ್ನದ ಕಾಲವೆಂದು ಹಂಬಲಿಸುವವರಿಗೂ ಹೊನ್ನಾವರ ಹೇಳುವ ಮಾತು ಒಂದಿದೆ. ಇಲ್ಲಿ ಇಸ್ಲಾಂ ಬಾಳಿದ್ದು ಗೋವೆಗೆ ಹೋದ 52 ಹಡಗುಗಳಿಂದಲ್ಲ. ನೆರೆಯವರ ಜೊತೆ ಕೊಟ್ಟು ತಂದು, ಮಕ್ಕಳಿಗೆ ಓದು ಕಲಿಸಿ, ಪಾಲು ಹಂಚುವಾಗ ಮೋಸ ಮಾಡದೆ ನಡೆದ ಸಾಮಾನ್ಯ ಮನೆಗಳಿಂದ. ರಾಜ್ಯ ಹಿಡಿದ ಧರ್ಮ ರಾಜ್ಯದ ಜೊತೆಗೇ ಮುಳುಗುತ್ತದೆ, ಜನರ ವ್ಯವಹಾರದಲ್ಲಿ ಬೆರೆತ ಧರ್ಮಕ್ಕೆ ಅರಸನ ಹಂಗಿಲ್ಲ. ಕರ್ನಾಟಕದ ಚರಿತ್ರೆಯ ಪಾಠಗಳಲ್ಲಿ ತುಘಲಕನಿಗೆ ಸಿಕ್ಕಷ್ಟು ಜಾಗ ಶರಾವತಿಯ ಅಳಿವೆಯ ಈ ಊರಿಗೂ ಸಿಕ್ಕರೆ ನಮ್ಮ ಮಕ್ಕಳು ಈ ಮಾತನ್ನು ದೂರದ ದೆಹಲಿಯಿಂದ ಕಲಿಯಬೇಕಾಗಿಲ್ಲ.